ಗಡಿ ದಾಟುವ ಲಾರಿಗೆ ಯಾವ ನೋಂದಣಿ, ಯಾರಿಗೆ ಬೇಡ: ಸಣ್ಣ ಮಾಲೀಕರಿಗೊಂದು ಮಾರ್ಗದರ್ಶಿ

ಟೊಮೆಟೊ ಸುಗ್ಗಿಯಲ್ಲಿ ಒಂದು ಬೆಳಗಿನ ಜಾವ ಕೋಲಾರದ ಕಡೆಯ ಪರಿಚಯದ ಮಾಲೀಕರೊಬ್ಬರು ಫೋನ್ ಮಾಡಿದರು. ನಂಗಲಿ ದಾಟಿ ಆಂಧ್ರದೊಳಗೆ ಹೋದ ಅವರ ಪಿಕಪ್ ಗಾಡಿಯನ್ನು ತಪಾಸಣೆಗೆ ನಿಲ್ಲಿಸಿದ್ದರು. “ಅಣ್ಣಾ, ನಮ್ಮದು ಒಂದೂವರೆ ಟನ್ನಿನ ಗಾಡಿ. ಮೂರು ಟನ್ನಿನೊಳಗಿದ್ದರೆ ಪರ್ಮಿಟ್ಟೇ ಬೇಡ ಎಂದು ಗಾಡಿ ಕೊಡಿಸಿದವರು ಹೇಳಿದ್ದರು. ಇವರು ಒಪ್ಪುತ್ತಿಲ್ಲ.” ಆರ್‌ಸಿಯ ಫೋಟೊ ಕಳುಹಿಸಿ ಎಂದೆ. ಬಂತು. ಖಾಲಿ ಗಾಡಿಯ ತೂಕವೇ 1,700 ಕಿಲೊ ದಾಟಿತ್ತು. ಲೋಡ್ ಸೇರಿದ ಒಟ್ಟು ತೂಕದ ಎದುರು 3,400 ಚಿಲ್ಲರೆ. ಅಧಿಕಾರಿ ಹೇಳಿದ್ದು ಸರಿ, ನಮ್ಮವರದು ತಪ್ಪು.

ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಕುಳಿತು ಬಿಲ್ಟಿ (ಸರಕು ಒಪ್ಪಿಸಿಕೊಂಡದ್ದಕ್ಕೆ ಕೊಡುವ ರಸೀದಿ) ಬರೆದ ಇಷ್ಟು ವರ್ಷಗಳಲ್ಲಿ ನಾನು ಕಂಡಿದ್ದೇನೆಂದರೆ, ‘ಅಂತರರಾಜ್ಯ ನೋಂದಣಿ’ ಎಂಬ ಒಂದೇ ಕಾಗದ ಎಲ್ಲೂ ಇಲ್ಲ. ಇರುವುದು ಮೂರು ಬೇರೆ ಬೇರೆ ಪ್ರಶ್ನೆ. ಗಾಡಿಗೆ ಪರ್ಮಿಟ್ ಬೇಕೆ? ವ್ಯವಹಾರಕ್ಕೆ ನೋಂದಣಿ ಬೇಕೆ? ಒಯ್ಯುವ ಸರಕಿಗೆ ತೆರಿಗೆಯ ಕಾಗದ ಬೇಕೆ? ಮೂರಕ್ಕೂ ಮೂರು ಕಾಯ್ದೆ. ಒಂದಕ್ಕೆ ‘ಬೇಡ’ ಎಂಬ ಉತ್ತರ ಬಂದರೆ ಉಳಿದೆರಡಕ್ಕೂ ಅದನ್ನೇ ಹಚ್ಚಿಕೊಂಡು ಹೊರಡುವವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ.

ಮೊದಲು ಆರ್‌ಸಿ ಓದಿ

ಮೋಟಾರು ವಾಹನ ಕಾಯ್ದೆ, 1988ರ 66ನೇ ಸೆಕ್ಷನ್ ಪ್ರಕಾರ ಸರಕು ಸಾಗಿಸುವ ಯಾವ ವಾಹನವೂ ಪರ್ಮಿಟ್ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ನಮಗೆ ಮುಖ್ಯವಾದದ್ದು ಒಂದು: ಒಟ್ಟು ತೂಕ 3,000 ಕಿಲೊ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. ಒಟ್ಟು ತೂಕವೆಂದರೆ ಗಾಡಿಯ ಸ್ವಂತ ತೂಕಕ್ಕೆ ಅದು ಹೊರಬಹುದಾದ ಲೋಡ್ ಸೇರಿಸಿದ್ದು. ಬಾಯಿಮಾತಿನಲ್ಲಿ ‘ಒಂದೂವರೆ ಟನ್ನಿನ ಗಾಡಿ’ ಎನ್ನುವಾಗ ಲೆಕ್ಕಕ್ಕೆ ಬರುವುದು ಲೋಡ್ ಮಾತ್ರ. ಕಾನೂನು ಗಾಡಿಯನ್ನೂ ಸೇರಿಸಿ ತೂಗುತ್ತದೆ. ಆರ್‌ಸಿಯಲ್ಲಿ ‘ಅನ್‌ಲೇಡನ್’ ಎಂದಿರುವುದು ಖಾಲಿ ತೂಕ, ‘ಲೇಡನ್’ ಅಥವಾ ‘ಗ್ರಾಸ್’ ಎಂದಿರುವುದು ಒಟ್ಟು ತೂಕ. ನೋಡಬೇಕಾದದ್ದು ಎರಡನೆಯದನ್ನು.

ಟಾಟಾ ಏಸ್‌ನಂತಹ ಪುಟ್ಟ ಗಾಡಿಗಳು ಈ ಮಿತಿಯ ಒಳಗೆ ಆರಾಮವಾಗಿ ಕೂರುತ್ತವೆ. ತೊಂದರೆ ಇರುವುದು ಪಿಕಪ್‌ಗಳಲ್ಲಿ. ಒಂದೇ ಹೆಸರಿನ ಗಾಡಿಯ ಒಂದು ಮಾದರಿ 3,000ಕ್ಕಿಂತ ತುಸು ಕೆಳಗಿದ್ದರೆ ಅದರ ಅಣ್ಣನಂತಿರುವ ಇನ್ನೊಂದು ಮಾದರಿ ಮೇಲಿರುತ್ತದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಕ್ಕದ ಮನೆಯವರ ಗಾಡಿಗೆ ಪರ್ಮಿಟ್ ಇಲ್ಲವೆಂದು ನಿಮ್ಮದಕ್ಕೂ ಬೇಡ ಎಂದುಕೊಳ್ಳಬೇಡಿ.

ಇನ್ನೊಂದು ವಿನಾಯಿತಿ ಇತ್ತೀಚಿನದು. ಬ್ಯಾಟರಿಯಿಂದ ಓಡುವ, ಎಥೆನಾಲ್ ಅಥವಾ ಮೆಥೆನಾಲ್ ಬಳಸುವ ಸಾರಿಗೆ ವಾಹನಗಳಿಗೆ ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಪರ್ಮಿಟ್‌ನಿಂದ ಬಿಡುಗಡೆ ಕೊಟ್ಟಿದೆ. ಹೊಸ ಗಾಡಿಯನ್ನು ತಾತ್ಕಾಲಿಕ ನೋಂದಣಿಯಲ್ಲಿ ಖಾಲಿಯಾಗಿ ನೋಂದಣಿಗೆ ಒಯ್ಯುವಾಗ ಮತ್ತು ಖಾಲಿ ಗಾಡಿಯನ್ನು ರಿಪೇರಿಗೆ ಒಯ್ಯುವಾಗ ಕೂಡ ಪರ್ಮಿಟ್ ಬೇಡ. ಇವನ್ನು ಬಿಟ್ಟರೆ ‘ಖಾಲಿ ಗಾಡಿ ಸಾರ್, ಲೋಡ್ ಇಳಿಸಿ ವಾಪಸು ಬರುತ್ತಿದ್ದೇನೆ’ ಎಂಬ ಮಾತು ನಡೆಯುವುದಿಲ್ಲ. ಸರಕು ಇದ್ದರೂ ಇಲ್ಲದಿದ್ದರೂ ಪರ್ಮಿಟ್ ಬೇಕು ಎಂದು ಸೆಕ್ಷನ್‌ನಲ್ಲೇ ಬರೆದಿದೆ.

ಪರ್ಮಿಟ್ ಬೇಡ ಎಂದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ವಿಮೆ, ತೆರಿಗೆ, ಹೊಗೆ ಪ್ರಮಾಣಪತ್ರ ಬೇಡ ಎಂದಲ್ಲ. ಅವು ಎಲ್ಲರಿಗೂ ಬೇಕು.

‘ನಮ್ಮದೇ ಸರಕು, ಬಾಡಿಗೆಗೆ ಅಲ್ಲ’

ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ, ಬ್ಯಾಡಗಿಯ ಮೆಣಸಿನಕಾಯಿ ಮಂಡಿಯವರು, ಸ್ವಂತ ಲಾರಿ ಇಟ್ಟುಕೊಂಡ ಅಕ್ಕಿ ಗಿರಣಿಯವರು ಎಲ್ಲರೂ ಹೇಳುವ ಮಾತಿದು. ತಮ್ಮದು ಸಾರಿಗೆ ವ್ಯವಹಾರವೇ ಅಲ್ಲ, ಆದ್ದರಿಂದ ಪರ್ಮಿಟ್ ಏಕೆ ಎಂಬುದು ಅವರ ವಾದ. ಕಾಯ್ದೆ ಇದನ್ನು ಒಪ್ಪುವುದಿಲ್ಲ. ಸರಕು ಸಾಗಣೆ ಪರ್ಮಿಟ್ ಇದ್ದವರು ತಮ್ಮ ಸ್ವಂತ ವ್ಯಾಪಾರದ ಸರಕನ್ನೂ ಒಯ್ಯಬಹುದು ಎಂದು ಅದು ಹೇಳುತ್ತದೆಯೇ ಹೊರತು, ಸ್ವಂತ ಸರಕಾದರೆ ಪರ್ಮಿಟ್ ಬೇಡ ಎನ್ನುವುದಿಲ್ಲ. 3,000 ಕಿಲೊ ಮೀರಿದ ಲಾರಿಯಲ್ಲಿ ನಿಮ್ಮದೇ ಕಲ್ಲನ್ನು ಸೊಲ್ಲಾಪುರಕ್ಕೆ ಒಯ್ದರೂ ಪರ್ಮಿಟ್ ಬೇಕು. ಮುಂದೆ ಬರುವ ಎರಡನೇ ನೋಂದಣಿಯಲ್ಲಿ ಮಾತ್ರ ಸ್ವಂತ ಸರಕಿನವರಿಗೆ ಬಿಡುವು ಸಿಗುತ್ತದೆ.

ಯಾವ ಪರ್ಮಿಟ್?

ಕರ್ನಾಟಕದಲ್ಲಿ ಕೊಟ್ಟ ಪರ್ಮಿಟ್ ತಾನಾಗಿಯೇ ಬೇರೆ ರಾಜ್ಯದಲ್ಲಿ ನಡೆಯುವುದಿಲ್ಲ. 88ನೇ ಸೆಕ್ಷನ್ ಪ್ರಕಾರ ಆ ರಾಜ್ಯದ ಪ್ರಾಧಿಕಾರ ಅದಕ್ಕೆ ಮೇಲುಸಹಿ ಹಾಕಬೇಕು. ನಮ್ಮ ಕಚೇರಿಗಳಲ್ಲಿ ಇದಕ್ಕೆ ‘ಕೌಂಟರ್ ಸಿಗ್ನೇಚರ್’ ಎಂದೇ ಹೆಸರು. ಒಂದೇ ನೆರೆರಾಜ್ಯಕ್ಕೆ ವರ್ಷವಿಡೀ ಓಡುವ ಗಾಡಿಗಳು ಈ ದಾರಿ ಹಿಡಿಯುತ್ತವೆ. ಗಡಿ ಜಿಲ್ಲೆಯವರಿಗೆ ಇದೇ ಸೆಕ್ಷನ್‌ನಲ್ಲಿ ಒಂದು ಅನುಕೂಲವಿದೆ, ಹಲವರಿಗೆ ಗೊತ್ತಿಲ್ಲ: ಹೊರಡುವ ಊರೂ ಮುಟ್ಟುವ ಊರೂ ಒಂದೇ ರಾಜ್ಯದಲ್ಲಿದ್ದು, ನಡುವಿನ ದಾರಿ ಮಾತ್ರ ಪಕ್ಕದ ರಾಜ್ಯದೊಳಗೆ 16 ಕಿಲೊಮೀಟರ್ ಮೀರದಂತೆ ಹಾದುಹೋದರೆ ಮೇಲುಸಹಿ ಬೇಡ. ಬೆಳಗಾವಿ, ಕೋಲಾರ, ಚಾಮರಾಜನಗರದ ಕಡೆ ಇಂತಹ ದಾರಿಯಲ್ಲಿ ಓಡುವವರು ನಿಮ್ಮ ರೂಟನ್ನು ಒಮ್ಮೆ ಅಳೆದು ನೋಡಿ.

ಸುಗ್ಗಿಯ ಕೆಲವೇ ತಿಂಗಳ ಕೆಲಸವಾದರೆ 87ನೇ ಸೆಕ್ಷನ್‌ನ ತಾತ್ಕಾಲಿಕ ಪರ್ಮಿಟ್ ಇದೆ. ಅದು ನಾಲ್ಕು ತಿಂಗಳು ಮೀರುವಂತಿಲ್ಲ.

ದೂರದ ಓಟಕ್ಕೆ ನ್ಯಾಷನಲ್ ಪರ್ಮಿಟ್, ನಮ್ಮವರ ಬಾಯಲ್ಲಿ ‘ಎನ್‌ಪಿ’. 2010ರ ಮೇಗೆ ಮುಂಚೆ ಇದಕ್ಕೆ ಒಂದೊಂದು ರಾಜ್ಯವನ್ನು ಆರಿಸಿಕೊಂಡು, ರಾಜ್ಯಕ್ಕಿಷ್ಟು ಎಂದು ಕಟ್ಟಬೇಕಾಗಿತ್ತು. ಆರಿಸದ ರಾಜ್ಯದ ಲೋಡ್ ಸಿಕ್ಕರೆ ಬಿಡಬೇಕಾಗುತ್ತಿತ್ತು. 2010ರ ಮೇ 8ರಿಂದ ಒಂದೇ ಶುಲ್ಕ ಕಟ್ಟಿದರೆ ಇಡೀ ದೇಶ. ಆರಂಭದಲ್ಲಿ ವರ್ಷಕ್ಕೆ 15,000 ರೂಪಾಯಿ ಇದ್ದದ್ದು ಆಮೇಲೆ 16,500ಕ್ಕೆ ಏರಿತು. ಅದರ ಮೇಲೆ ಆಥರೈಸೇಶನ್ (ವರ್ಷ ವರ್ಷ ಪಡೆಯುವ ಅನುಮತಿ) ಶುಲ್ಕ 1,000. ಒಟ್ಟು 17,500, ಅಂದರೆ ತಿಂಗಳಿಗೆ ಸುಮಾರು 1,460 ರೂಪಾಯಿ. ತಿಂಗಳಿಗೆ ಎರಡು ಸಲ ಗಡಿ ದಾಟುವವರೂ ಲೆಕ್ಕ ಹಾಕಿ ನೋಡಲಿ: ಒಂದು ಟ್ರಿಪ್ಪಿಗೆ ಬೀಳುವುದು 730. ಎರಡು ಮೂರು ರಾಜ್ಯಗಳ ಕೆಲಸವಿದ್ದರೆ ಮೇಲುಸಹಿಗಾಗಿ ಅಲೆಯುವುದಕ್ಕಿಂತ ಎನ್‌ಪಿ ವಾಸಿ ಎಂಬುದು ನನ್ನ ಅನುಭವ.

ಗಾಡಿ ಹಳತಾಗಿದ್ದರೆ ಮೊದಲೇ ತಿಳಿಯಿರಿ. ಸಾಮಾನ್ಯ ಲಾರಿಗೆ ಮೊದಲ ನೋಂದಣಿಯಿಂದ 12 ವರ್ಷ, ಮಲ್ಟಿ ಆಕ್ಸಲ್ (ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವ) ಗಾಡಿಗೆ 15 ವರ್ಷ ದಾಟಿದರೆ ಎನ್‌ಪಿ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಟೈರು, ಎಂಜಿನ್ನು ತಟ್ಟಿ ನೋಡುತ್ತಾರೆ, ಈ ತಾರೀಕು ನೋಡುವುದಿಲ್ಲ. ಹನ್ನೊಂದು ವರ್ಷದ ಗಾಡಿಯನ್ನು ‘ಎನ್‌ಪಿ ಇದೆ’ ಎಂದು ಕೊಂಡವರಿಗೆ ಮರುವರ್ಷ ಅದು ಲೋಕಲ್ ಗಾಡಿ.

ಅರ್ಜಿ ಹಾಕುವ ಬಗೆ

ಎನ್‌ಪಿಯಲ್ಲಿ ಎರಡು ಭಾಗ. ಒಂದು ಪರ್ಮಿಟ್, ಅರ್ಜಿ ನಮೂನೆ 48ರಲ್ಲಿ, ಅವಧಿ ಐದು ವರ್ಷ. ಇನ್ನೊಂದು ಆಥರೈಸೇಶನ್, ಅರ್ಜಿ ನಮೂನೆ 46ರಲ್ಲಿ, ಕೈಗೆ ಬರುವುದು ನಮೂನೆ 47, ಅವಧಿ ಒಂದು ವರ್ಷ. ಮುಗ್ಗರಿಸುವುದು ಇಲ್ಲೇ. ಪರ್ಮಿಟ್ಟಿನ ಮೇಲೆ ಐದು ವರ್ಷದ ತಾರೀಕು ಕಂಡು ನೆಮ್ಮದಿಯಾಗಿ ಕೂತವರ ಆಥರೈಸೇಶನ್ ಮುಗಿದು ತಿಂಗಳಾಗಿರುತ್ತದೆ. ಹೊರರಾಜ್ಯದಲ್ಲಿ ನಿಮ್ಮನ್ನು ಕಾಯುವುದು ಆ ವರ್ಷದ ಕಾಗದವೇ.

ಅರ್ಜಿಗೆ ಮುನ್ನ ಆರ್‌ಸಿ, ಎಫ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ, ತೆರಿಗೆ ಕಟ್ಟಿದ ರಸೀದಿ ಎಲ್ಲದರ ತಾರೀಕನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಸರ್ಕಾರದ ಸಾರಿಗೆ ಜಾಲತಾಣವಾದ ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ಸಂಖ್ಯೆ ಮತ್ತು ಚಾಸಿ ಸಂಖ್ಯೆ ಕೊಟ್ಟು ಒಳಗೆ ಹೋಗಬೇಕು. ಆರ್‌ಸಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಮಾಲೀಕನದೋ ಏಜೆಂಟನದೋ ಇದ್ದರೆ ಒಟಿಪಿ ಅವರಿಗೆ ಹೋಗುತ್ತದೆ, ನೀವು ವರ್ಷ ವರ್ಷವೂ ಅವರ ಬಾಗಿಲು ತಟ್ಟುತ್ತಿರಬೇಕು. ಶುಲ್ಕವನ್ನು ಪೋರ್ಟಲ್‌ನಲ್ಲೇ ಕಟ್ಟಬಹುದು. ಹೊಸ ಪರ್ಮಿಟ್ಟಿನ ಮಂಜೂರಾತಿ ನಿಮ್ಮ ಆರ್‌ಟಿಒ ಕಚೇರಿಯದು. ಪರ್ಮಿಟ್ ನವೀಕರಣದ ಅರ್ಜಿ ಅವಧಿ ಮುಗಿಯುವ 15 ದಿನ ಮೊದಲೇ ಹೋಗಿರಬೇಕು.

ಎಫ್‌ಸಿಯ ಲೆಕ್ಕವೂ ಗೊತ್ತಿರಲಿ. ಹೊಸ ಗಾಡಿಗೆ ಮೊದಲ ಎರಡು ವರ್ಷ ಚಿಂತೆಯಿಲ್ಲ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ.

ಪರ್ಮಿಟ್ ಕೈಗೆ ಬಂದ ಮೇಲೆ ಗಾಡಿಯ ಮುಂದೆ ಮತ್ತು ಹಿಂದೆ ‘ನ್ಯಾಷನಲ್ ಪರ್ಮಿಟ್’ ಅಥವಾ ‘ಎನ್/ಪಿ’ ಎಂದು ದಪ್ಪ ಅಕ್ಷರದಲ್ಲಿ ಬರೆಸಬೇಕು. ಟ್ರೈಲರ್ ಆದರೆ ಹಿಂಬದಿಗೆ ಮತ್ತು ಎಡಬದಿಗೆ. ಹಿಂದೆ ಎನ್‌ಪಿ ಲಾರಿಗೆ ಒಣಗಿದ ಎಲೆಯ ಕಂದು ಬಣ್ಣ, ಸುತ್ತ ಬಿಳಿ ಅಂಚು ಇರಬೇಕಿತ್ತು. ಹೆದ್ದಾರಿಯಲ್ಲಿ ಸಾಲುಸಾಲಾಗಿ ಕಂದು ಲಾರಿಗಳು ಹೋಗುತ್ತಿದ್ದ ಕಾಲ ಅದು. ಈಗ ಅಕ್ಷರ ಇದ್ದರೆ ಸಾಕು. ಅಪಾಯಕಾರಿ ವಸ್ತು ಒಯ್ಯುವ ಟ್ಯಾಂಕರ್‌ಗೆ ಮಾತ್ರ ಬಿಳಿ ಬಣ್ಣ ಕಡ್ಡಾಯ. ಕೋಲಾರದ ನಮ್ಮ ಮಾಲೀಕರು ಕೊನೆಗೆ ಎನ್‌ಪಿಯನ್ನೇ ಮಾಡಿಸಿದರು. ಬಂಪರ್ ಮೇಲೆ ಮಗಳ ಹೆಸರು, ಮನೆದೇವರ ಹೆಸರು ಎರಡೂ ಮೊದಲೇ ಕೂತಿದ್ದರಿಂದ ಪೇಂಟರ್ ಜಾಗವಿಲ್ಲವೆಂದು ಗೊಣಗಿ, ಎರಡರ ನಡುವೆ ‘ಎನ್/ಪಿ’ ತೂರಿಸಿದ.

ಎನ್‌ಪಿ ಇದ್ದರೆ ದೇಶವೆಲ್ಲ ನಮ್ಮದು ಎಂದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಕರ್ನಾಟಕದ ಎನ್‌ಪಿ ಗಾಡಿ ಹುಬ್ಬಳ್ಳಿಯಿಂದ ಪುಣೆಗೆ ಲೋಡ್ ಒಯ್ಯಬಹುದು, ಪುಣೆಯಿಂದ ಸೂರತ್‌ಗೆ ಒಯ್ಯಬಹುದು. ಪುಣೆಯಲ್ಲಿ ತುಂಬಿ ನಾಸಿಕದಲ್ಲಿ ಇಳಿಸುವಂತಿಲ್ಲ. ಹೊರರಾಜ್ಯದೊಳಗೇ ಎರಡು ಊರುಗಳ ನಡುವೆ ಬಾಡಿಗೆ ಮಾಡಿದರೆ ಪರ್ಮಿಟ್ ಷರತ್ತು ಮುರಿದಂತೆ. ವಾಪಸು ಲೋಡ್ ಸಿಗದೆ ಎರಡು ದಿನ ಕಾದ ಚಾಲಕನಿಗೆ ಬ್ರೋಕರ್ ಇಂತಹ ಲೋಡ್ ತೋರಿಸಿ ಆಸೆ ಹುಟ್ಟಿಸುತ್ತಾನೆ. ಹೊರಡುವಾಗಲೇ ಚಾಲಕನಿಗೆ ಬಿಡಿಸಿ ಹೇಳಿ.

ಎರಡನೇ ನೋಂದಣಿ: ಲಾರಿ ಇಲ್ಲದವರಿಗೂ

ರಸ್ತೆ ಮೂಲಕ ಸಾಗಣೆ ಕಾಯ್ದೆ, 2007 ಎಂಬುದೊಂದಿದೆ. 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಲಾರಿ ಮಾಲೀಕರಲ್ಲಿ ಬಹಳ ಜನ ಇದರ ಹೆಸರೇ ಕೇಳಿಲ್ಲ. ಇದು ಹಿಡಿಯುವುದು ಗಾಡಿಯನ್ನಲ್ಲ, ವ್ಯವಹಾರವನ್ನು. ಯಾರ ಸರಕಾದರೂ ಸರಿ, ಭೇದವಿಲ್ಲದೆ ಬಾಡಿಗೆಗೆ ಒಯ್ಯುವವರು, ಸರಕು ಸಂಗ್ರಹಿಸಿ, ದಾಸ್ತಾನಿಟ್ಟು, ರಸೀದಿ ಕೊಟ್ಟು ಕಳುಹಿಸುವವರು ‘ಸಾರ್ವಜನಿಕ ಸಾಗಣೆದಾರರು’. ಬುಕಿಂಗ್ ಕಚೇರಿ, ಗುತ್ತಿಗೆದಾರ, ಏಜೆಂಟ್, ಬ್ರೋಕರ್, ಮನೆ ಬಾಗಿಲಿಗೆ ತಲುಪಿಸುವ ಕೊರಿಯರ್ ಎಲ್ಲರೂ ಇದರೊಳಗೆ. ಒಂದೇ ಒಂದು ಲಾರಿ ಇಲ್ಲದೆ ಮೇಜು, ಫೋನು, ಬಿಲ್ ಪುಸ್ತಕ ಇಟ್ಟುಕೊಂಡು ಕೂತವರಿಗೂ ನೋಂದಣಿ ಬೇಕು.

ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಬಿಲ್ಟಿ ಯಾರ ಹೆಸರಿನಲ್ಲಿ ಹೋಗುತ್ತದೆ? ನಿಮ್ಮ ಲೆಟರ್‌ಹೆಡ್‌ನಲ್ಲಿ ಹೋದರೆ ಸರಕಿನ ಹೊಣೆ ನಿಮ್ಮದು, ನೋಂದಣಿಯೂ ನಿಮ್ಮದೇ. ನಿಮ್ಮ ಲಾರಿಯನ್ನು ದೊಡ್ಡ ಟ್ರಾನ್ಸ್‌ಪೋರ್ಟ್‌ನವರಿಗೆ ಬಾಡಿಗೆಗೆ ಬಿಟ್ಟು, ಬಿಲ್ಟಿಯನ್ನು ಅವರೇ ಬರೆಯುತ್ತಿದ್ದರೆ ಗ್ರಾಹಕನ ಎದುರು ನಿಲ್ಲುವವರು ಅವರು. ಸ್ವಂತ ಸರಕನ್ನಷ್ಟೇ ಒಯ್ಯುವ ಗಿರಣಿಯವರು ಇದರ ಹೊರಗೆ.

ಮುಖ್ಯ ಕಚೇರಿ ಇರುವ ಕಡೆಯ ಸಾರಿಗೆ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಪ್ರಮಾಣಪತ್ರದ ಅವಧಿ ಹತ್ತು ವರ್ಷ. ದಂಡ ದೊಡ್ಡದಲ್ಲ: ಮೊದಲ ಸಲ 5,000 ರೂಪಾಯಿವರೆಗೆ, ಮತ್ತೆ ಸಿಕ್ಕರೆ 10,000ದವರೆಗೆ. ಆದರೂ ಮಾಡಿಸಿ ಎನ್ನುತ್ತೇನೆ, ಏಕೆಂದರೆ ಈ ಕಾಯ್ದೆ ಸಾಗಣೆದಾರನ ಪರವಾಗಿಯೂ ಇದೆ. ಸರಕು ಕಳೆದುಹೋದರೆ ಅಥವಾ ಹಾಳಾದರೆ, ಕಳುಹಿಸಿದವರು ಹೆಚ್ಚಿನ ಬೆಲೆ ಘೋಷಿಸಿರದಿದ್ದಲ್ಲಿ, ನಿಮ್ಮ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. 

ಮೂರನೆಯದು: ಜಿಎಸ್‌ಟಿ ಮತ್ತು ಇ-ವೇ ಬಿಲ್

ಇಲ್ಲಿ ಹೆದರಿಕೆ ಹೆಚ್ಚು, ವಿಷಯ ಕಡಿಮೆ. ಬಿಲ್ಟಿ ಕೊಡದೆ ಬರೀ ಲಾರಿ ಬಾಡಿಗೆಗೆ ಓಡಿಸುವವರ ಸೇವೆಗೆ ಜಿಎಸ್‌ಟಿ ಇಲ್ಲ. ಬಿಲ್ಟಿ ಕೊಡುವವರು ಜಿಟಿಎ, ಅಂದರೆ ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ. ಅವರ ತೆರಿಗೆಯನ್ನು ಬಾಡಿಗೆ ಕೊಡುವ ಕಂಪನಿಗಳೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟುತ್ತಿದ್ದು, ಬೇರೆ ವ್ಯವಹಾರವೇ ಇಲ್ಲದಿದ್ದರೆ ನೋಂದಣಿ ಕಡ್ಡಾಯವಲ್ಲ. ರಾಜ್ಯ ದಾಟಿ ಸೇವೆ ಕೊಟ್ಟ ಮಾತ್ರಕ್ಕೆ ಸಣ್ಣವರು ನೋಂದಾಯಿಸಲೇಬೇಕು ಎಂಬ ಭಯಕ್ಕೂ 2017ರ ಅಕ್ಟೋಬರ್‌ನಲ್ಲೇ ತೆರೆ ಬಿದ್ದಿದೆ. ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನ ಮಿತಿ ಅಲ್ಲೂ ಅನ್ವಯಿಸುತ್ತದೆ.

ಜಿಎಸ್‌ಟಿ ಸಂಖ್ಯೆ ಇಲ್ಲದ ಸಾಗಣೆದಾರರು ಇ-ವೇ ಬಿಲ್ (ಸರಕಿನ ಜೊತೆ ಇರಬೇಕಾದ ಆನ್‌ಲೈನ್ ತೆರಿಗೆ ಚೀಟಿ) ಪೋರ್ಟಲ್‌ನಲ್ಲಿ ಹೆಸರು ಸೇರಿಸಿ 15 ಅಂಕಿಯ ಟ್ರಾನ್ಸ್‌ಪೋರ್ಟರ್ ಐಡಿ ಪಡೆಯಬಹುದು. ಸರಕಿನ ಮೌಲ್ಯ 50,000 ರೂಪಾಯಿ ಮೀರಿ ರಾಜ್ಯ ದಾಟುವುದಾದರೆ ಇ-ವೇ ಬಿಲ್ ಬೇಕು. ಎ ಭಾಗದಲ್ಲಿ ಸರಕಿನ ವಿವರ, ಬಿ ಭಾಗದಲ್ಲಿ ಗಾಡಿ ಸಂಖ್ಯೆ. ಪ್ರತಿ 200 ಕಿಲೊಮೀಟರಿಗೆ ಒಂದು ದಿನದ ಅವಧಿ. ದಾರಿಯಲ್ಲಿ ಗಾಡಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಹಾಕಿದರೆ ಬಿ ಭಾಗದಲ್ಲಿ ಹೊಸ ಸಂಖ್ಯೆ ಹಾಕಬೇಕು. ತಡವಾದರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು. ತಾಜಾ ತರಕಾರಿ, ಹಣ್ಣಿಗೆ ಇ-ವೇ ಬಿಲ್ ಬೇಡ, ಆದ್ದರಿಂದ ಟೊಮೆಟೊ ಗಾಡಿಗೆ ಈ ತಲೆನೋವಿಲ್ಲ. ಅಡಿಕೆಗೆ ಪೂರ್ತಿ ಇದೆ. ಶಿವಮೊಗ್ಗ, ಸಾಗರದ ಕಡೆಯಿಂದ ಅಡಿಕೆ ತುಂಬಿ ಉತ್ತರಕ್ಕೆ ಹೊರಟವರಿಗೆ ದಾರಿಯುದ್ದಕ್ಕೂ ಇದನ್ನೇ ಕೇಳುತ್ತಾರೆ.

ಪರ್ಮಿಟ್ ಇಲ್ಲದೆ ಹೋದರೆ

192ಎ ಸೆಕ್ಷನ್ ಪ್ರಕಾರ ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. 207ನೇ ಸೆಕ್ಷನ್‌ನಡಿ ಗಾಡಿ ತಡೆದಿಡಬಹುದು. ಟೊಮೆಟೊ ತುಂಬಿದ ಗಾಡಿ ಎರಡು ದಿನ ನಿಂತರೆ ದಂಡಕ್ಕಿಂತ ಲೋಡಿನ ನಷ್ಟವೇ ದೊಡ್ಡದು.

‘ಹತ್ತು ಸಾವಿರ ತಾನೆ, ಸಿಕ್ಕಾಗ ಕಟ್ಟಿದರಾಯಿತು’ ಎನ್ನುವ ಮಾಲೀಕರನ್ನು ನೋಡಿದ್ದೇನೆ. ಅವರ ಲೆಕ್ಕದಲ್ಲಿ ಅಪಘಾತ ಸೇರಿಲ್ಲ. ಪರ್ಮಿಟ್ ಇಲ್ಲದೆ ಗಾಡಿ ಓಡಿಸುವುದು ಕಾಯ್ದೆಯ ಮೂಲಭೂತ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ವಿಮಾ ಕಂಪನಿ ಸಂತ್ರಸ್ತರಿಗೆ ಮೊದಲು ಪರಿಹಾರ ಕೊಡಬೇಕಾಯಿತು, ಆದರೆ ಆ ಹಣವನ್ನು ಗಾಡಿಯವರಿಂದಲೇ ವಸೂಲಿ ಮಾಡಿಕೊಳ್ಳಲು ಅದಕ್ಕೆ ಹಕ್ಕು ಸಿಕ್ಕಿತು. ವರ್ಷಕ್ಕೆ 17,500 ಉಳಿಸಲು ಹೋಗಿ ಲಕ್ಷಗಟ್ಟಲೆ ಪರಿಹಾರವನ್ನು ಮನೆ, ಜಮೀನಿನ ಮೇಲೆ ಎಳೆದುಕೊಂಡಂತೆ.

ಓವರ್‌ಲೋಡ್ ಬೇರೆಯೇ ಅಪರಾಧ: 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಎನ್‌ಪಿ ಇದ್ದರೆ ಇದರಿಂದ ರಿಯಾಯಿತಿಯಿಲ್ಲ.

ಕಾಗದಗಳನ್ನು ಎಂಪರಿವಾಹನ್ ಅಥವಾ ಡಿಜಿಲಾಕರ್‌ನಲ್ಲಿ ತೋರಿಸಿದರೂ ಕಾನೂನು ಒಪ್ಪುತ್ತದೆ. ಆದರೂ ಗಾಡಿಯಲ್ಲಿ ಒಂದು ಜೆರಾಕ್ಸ್ ಪ್ರತಿ ಇರಲಿ. ನೆಟ್‌ವರ್ಕ್ ಇಲ್ಲದ ಘಾಟಿಯಲ್ಲಿ, ಬ್ಯಾಟರಿ ಸತ್ತ ಮೊಬೈಲ್ ಹಿಡಿದು ನಿಂತ ಚಾಲಕ ಏನು ಮಾಡಬೇಕು? ಚಾಲಕನ ಲೈಸೆನ್ಸ್ ಕುರಿತು ಒಂದು ಮಾತು: 7,500 ಕಿಲೊ ಒಟ್ಟು ತೂಕದವರೆಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಅಪಾಯಕಾರಿ ಸರಕಿನ ಗಾಡಿಗೆ ಅದು ಅನ್ವಯಿಸದು. ಅಂತಹ ಗಾಡಿಯ ಚಾಲಕ ತರಬೇತಿ ಪಡೆದು ಲೈಸೆನ್ಸ್ ಮೇಲೆ ಅದನ್ನು ನಮೂದಿಸಿಕೊಂಡಿರಬೇಕು.

ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿದಿರಬೇಕಾದದ್ದು ಇನ್ನೊಂದಿದೆ. ಪರ್ಮಿಟ್ ಮಾಲೀಕರ ಹೆಸರಿನಲ್ಲಿರುತ್ತದೆ, ಗಾಡಿ ಮಾರಿದರೆ ಅದು ತಾನಾಗಿ ಕೊಂಡವರಿಗೆ ಹೋಗುವುದಿಲ್ಲ. ಪ್ರಾಧಿಕಾರದ ಅನುಮತಿ ಬೇಕು. ಮಾಲೀಕರು ತೀರಿಕೊಂಡರೆ ಗಾಡಿಯ ವಾರಸುದಾರರು ಮೂರು ತಿಂಗಳು ಅದೇ ಪರ್ಮಿಟ್‌ನಲ್ಲಿ ಓಡಿಸಬಹುದು. ಆದರೆ ಸಾವಿನ ಸುದ್ದಿಯನ್ನೂ ಗಾಡಿ ಓಡಿಸುವ ಉದ್ದೇಶವನ್ನೂ 30 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿರಬೇಕು, ಮೂರು ತಿಂಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಿರಬೇಕು. ತಿಥಿ ಮುಗಿಸಿದ ಮರುದಿನವೇ ಯಾರಾದರೊಬ್ಬರು ಆರ್‌ಟಿಒ ಕಚೇರಿಗೆ ಒಂದು ಅರ್ಜಿ ಬರೆದು ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬರಲಿ.